ಕಾಲಿ ಲಿನಕ್ಸ್: ಮನೆಯಲ್ಲೇ ಒಂದು ಹ್ಯಾಕಿಂಗ್ ಪ್ರಯೋಗಶಾಲೆ

ಸೈಬರ್ ಸೆಕ್ಯುರಿಟಿ ಕಲಿಯುತ್ತೇವೆಂದು ಹೊರಟ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮೊದಲು ಮಾಡುವ ಕೆಲಸ, ಲ್ಯಾಪ್‌ಟಾಪಿನಲ್ಲಿದ್ದ ವಿಂಡೋಸನ್ನು ಅಳಿಸಿ ಕಾಲಿ ಲಿನಕ್ಸ್ ಹಾಕಿಕೊಳ್ಳುವುದು. ಕಪ್ಪು ಪರದೆ, ಡ್ರ್ಯಾಗನ್ ಚಿತ್ರ, ಮೆನು ಬಿಚ್ಚಿದರೆ ಸಾಲುಸಾಲಾಗಿ ನೂರಾರು ಟೂಲ್‌ಗಳು. ನಾಲ್ಕು ದಿನ ಸಂಭ್ರಮ. ಆಮೇಲೆ ಕಾಲೇಜಿನ ಪ್ರಾಜೆಕ್ಟಿಗೆ ಬೇಕಾದ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ ಎಂದು ಗೊತ್ತಾಗುತ್ತದೆ, ವಿಂಡೋಸಿನಲ್ಲಿದ್ದ ಫೋಟೊಗಳೂ ಹೋಗಿರುತ್ತವೆ. ಅದಕ್ಕಿಂತ ದೊಡ್ಡ ತಾಪತ್ರಯ ಇನ್ನೊಂದಿದೆ. ಇಷ್ಟೊಂದು ಟೂಲ್ ಇವೆಯಲ್ಲ, ಇವನ್ನು ಓಡಿಸುವುದು ಯಾವುದರ ಮೇಲೆ?

ಕಾಲಿಯ ಬಹುತೇಕ ಟೂಲ್‌ಗಳು ಕೇಳುವುದು ಒಂದು ವಿಳಾಸವನ್ನು. ಐಪಿ ಅಡ್ರೆಸ್ಸೋ, ವೆಬ್‌ಸೈಟಿನ ಹೆಸರೋ ಕೊಟ್ಟರೆ ಸಾಕು, ಕೆಲಸ ಶುರು. ಆ ವಿಳಾಸ ಯಾರದು, ಅವರು ಒಪ್ಪಿದ್ದಾರೆಯೇ ಎಂದು ಯಾವ ಟೂಲೂ ವಿಚಾರಿಸುವುದಿಲ್ಲ. ಹಾಗಾಗಿ ಕಾಲಿ ಕಲಿಯುವವರು ಟೂಲಿಗಿಂತ ಮೊದಲು ತಮ್ಮದೇ ಒಂದು ಗುರಿಯನ್ನು ಸಿದ್ಧಮಾಡಿಕೊಳ್ಳಬೇಕು. ಅದಕ್ಕೆ ಖರ್ಚೇನೂ ಇಲ್ಲ. 8 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್, ಒಂದು ಸಂಜೆಯ ಬಿಡುವು ಇದ್ದರೆ ಆಯಿತು.

ಕಾಲಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಮಾಟಿ ಅಹರೋನಿ ಕಟ್ಟಿದ್ದ ವ್ಯಾಕ್ಸ್ ಮತ್ತು ಮ್ಯಾಕ್ಸ್ ಮೋಸರ್ ಕಟ್ಟಿದ್ದ ಆಡಿಟರ್ ಎಂಬ ಎರಡು ಲಿನಕ್ಸ್ ಸಿಡಿಗಳು ಕೂಡಿ 2006ರಲ್ಲಿ ಬ್ಯಾಕ್‌ಟ್ರ್ಯಾಕ್ ಆಯಿತು. ಸಿಡಿ ಹಾಕಿ ಕಂಪ್ಯೂಟರ್ ಬೂಟ್ ಮಾಡಿ, ಪರೀಕ್ಷೆ ಮುಗಿಸಿ, ಸಿಡಿ ಹೊರತೆಗೆದು ಹೋಗುವ ವೃತ್ತಿಪರರಿಗೆಂದು ಮಾಡಿದ್ದು ಅದು. 2013ರ ಮಾರ್ಚ್ 13ರಂದು ಅದೇ ತಂಡ ಎಲ್ಲವನ್ನೂ ಡೆಬಿಯನ್ ಲಿನಕ್ಸಿನ ತಳಹದಿಯ ಮೇಲೆ ಹೊಸದಾಗಿ ಕಟ್ಟಿ ಕಾಲಿ ಎಂಬ ಹೆಸರಿನಲ್ಲಿ ಬಿಟ್ಟಿತು. ಈಗ ಆಫ್‌ಸೆಕ್ ಎಂಬ ಕಂಪನಿ ಅದನ್ನು ನೋಡಿಕೊಳ್ಳುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ನಾಲ್ಕು ಆವೃತ್ತಿಗಳು ಬರುತ್ತವೆ, ಎಲ್ಲವೂ ಉಚಿತ.

ಆ ಸಿಡಿ ಕಾಲದ ಒಂದು ಅಭ್ಯಾಸ ಬಹಳ ವರ್ಷ ಉಳಿದಿತ್ತು. ಬಳಕೆದಾರ ಯಾವಾಗಲೂ ರೂಟ್, ಪಾಸ್‌ವರ್ಡ್ ಅದನ್ನೇ ತಿರುಗಿಸಿ ಬರೆದ ಟೂರ್. ಪರೀಕ್ಷೆಯ ಅನೇಕ ಟೂಲ್‌ಗಳಿಗೆ ಯಂತ್ರದ ಮೇಲೆ ಪೂರ್ತಿ ಅಧಿಕಾರ ಬೇಕಾಗುತ್ತಿದ್ದುದರಿಂದ ಹಾಗೆ ಮಾಡಿದ್ದರು. ಜನ ದಿನಬಳಕೆಗೂ ಕಾಲಿಯನ್ನೇ ಹಾಕಿಕೊಳ್ಳತೊಡಗಿದಾಗ ಇದು ಅಪಾಯವೆನಿಸಿ, 2020ರ ಮೊದಲ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನ ಲಾಗಿನ್ ಬಂತು. ಸಿದ್ಧ ಇಮೇಜ್‌ಗಳಲ್ಲಿ ಈಗ ಹೆಸರೂ ಕಾಲಿ, ಪಾಸ್‌ವರ್ಡೂ ಕಾಲಿ. ಹಳೆಯ ವಿಡಿಯೊ ನೋಡಿ ಟೂರ್ ಎಂದು ಹೊಡೆಯುತ್ತ ಕೂರುವವರು ಇವತ್ತಿಗೂ ಇದ್ದಾರೆ. 2025ರಲ್ಲಿ ಮೆನುವಿನ ವಿಂಗಡಣೆಯನ್ನೂ ಬದಲಾಯಿಸಿದ್ದಾರೆ, ಆದ್ದರಿಂದ ಹಳೆಯ ಪಾಠದಲ್ಲಿ ತೋರಿಸಿದ ಜಾಗದಲ್ಲಿ ಟೂಲ್ ಕಾಣದಿದ್ದರೆ ಗಾಬರಿ ಬೇಡ. ಮೆನುವಿನ ಹುಡುಕುವ ಪಟ್ಟಿಯಲ್ಲಿ ಹೆಸರು ಬರೆದರೆ ಸಿಗುತ್ತದೆ.

ವಿಂಡೋಸ್ ಅಳಿಸುವ ಅಗತ್ಯವೇ ಇಲ್ಲ. ಲಿನಕ್ಸಿಗೆ ಹೊಸಬರು ಇದನ್ನು ಮನೆಯ ಕಂಪ್ಯೂಟರಿನ ಮುಖ್ಯ ಸಿಸ್ಟಮ್ ಮಾಡಿಕೊಳ್ಳುವುದು ಬೇಡ ಎಂದು ಕಾಲಿ ತಂಡವೇ ತನ್ನ ಕೈಪಿಡಿಯಲ್ಲಿ ಬರೆದಿದೆ. ವರ್ಚುವಲ್‌ಬಾಕ್ಸ್ ಅಥವಾ ವಿಎಂವೇರ್ ವರ್ಕ್‌ಸ್ಟೇಷನ್ ಹಾಕಿ, ಅದರೊಳಗೆ ಕಾಲಿಯನ್ನು ಓಡಿಸಿದರೆ ಸಾಕು. ವರ್ಚುವಲ್‌ಬಾಕ್ಸ್ ಮೊದಲಿನಿಂದಲೂ ಉಚಿತ. ದುಡ್ಡು ಕೊಟ್ಟು ಕೊಳ್ಳಬೇಕಿದ್ದ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರಲ್ಲಿ ಉಚಿತವಾಯಿತು. ಮೊದಲು ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ಪುಟ ತೆರೆದು, ವರ್ಚುವಲೈಸೇಷನ್ ಎನೇಬಲ್ಡ್ ಎಂದಿದೆಯೇ ನೋಡಬೇಕು. ಇಲ್ಲವೆಂದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬಯಾಸ್‌ಗೆ ಹೋಗಿ ಆನ್ ಮಾಡಬೇಕು. ವರ್ಚುವಲ್ ಮಷೀನ್ ತೆರೆಯುತ್ತಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲೇ ಪರಿಹಾರವಾಗುತ್ತವೆ.

ಕಾಲಿಯ ಅಧಿಕೃತ ತಾಣದಲ್ಲಿ ವರ್ಚುವಲ್ ಮಷೀನುಗಳಿಗೆಂದೇ ಸಿದ್ಧಪಡಿಸಿದ ಇಮೇಜ್ ಸಿಗುತ್ತದೆ. ಮೂರು ಜಿಬಿಗೂ ಹೆಚ್ಚಿನ ಫೈಲು. 7-ಜಿಪ್‌ನಲ್ಲಿ ಬಿಚ್ಚಿ ವರ್ಚುವಲ್‌ಬಾಕ್ಸಿಗೆ ಸೇರಿಸಿದರೆ ಇನ್‌ಸ್ಟಾಲ್ ಮಾಡುವ ರಗಳೆಯೇ ಇಲ್ಲ. 8 ಜಿಬಿ ಲ್ಯಾಪ್‌ಟಾಪಿನಲ್ಲಿ ಕಾಲಿಗೆ 2ರಿಂದ 3 ಜಿಬಿ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಟ್ಟರೆ ವಿಂಡೋಸ್ ಒದ್ದಾಡುತ್ತದೆ. ಡೌನ್‌ಲೋಡ್ ಆದಮೇಲೆ ಹೆಚ್ಚಿನವರು ಬಿಟ್ಟುಬಿಡುವ ಒಂದು ಹೆಜ್ಜೆಯಿದೆ. ಡೌನ್‌ಲೋಡ್ ಪುಟದಲ್ಲಿ ಪ್ರತಿ ಫೈಲಿನ ಜೊತೆಗೂ ಶಾ-256 ಎಂಬ 64 ಅಕ್ಷರಗಳ ಸಂಕೇತ ಕೊಟ್ಟಿರುತ್ತಾರೆ. ವಿಂಡೋಸಿನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆದೇಶವನ್ನು (ಇಂಗ್ಲಿಷ್ ಅಕ್ಷರಗಳಲ್ಲಿ) ಕೊಟ್ಟು, ಇಳಿಸಿಕೊಂಡ ಫೈಲಿನ ಸಂಕೇತವೂ ಅದೇ ಬರುತ್ತದೆಯೇ ಎಂದು ತಾಳೆ ನೋಡಬೇಕು. ಒಂದು ಅಕ್ಷರ ತಪ್ಪಿದರೂ ಆ ಫೈಲು ಬೇಡ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹಂಚಿದ ಕಾಲಿಯಂತೂ ಬೇಡವೇ ಬೇಡ. ಅಷ್ಟು ಅನುಮಾನ ಯಾಕೆ ಎಂಬುದಕ್ಕೆ ಮುಂದೆ ಎರಡು ನಿದರ್ಶನಗಳು ಬರುತ್ತವೆ.

ಈಗ ಗುರಿಯ ಸಿದ್ಧತೆ. ಲೋಪಗಳ ಮೂಲಕ ಒಳನುಗ್ಗಲು ಬಳಸುವ ಮೆಟಾಸ್ಪ್ಲಾಯಿಟ್ ಟೂಲಿನ ಒಡೆತನವಿರುವ ರ‍್ಯಾಪಿಡ್7 ಕಂಪನಿ ಮೆಟಾಸ್ಪ್ಲಾಯಿಟೆಬಲ್ 2 ಎಂಬ ಲಿನಕ್ಸ್ ಯಂತ್ರವನ್ನು ಕಲಿಯುವವರಿಗಾಗಿಯೇ ಹಂಚುತ್ತದೆ. ಬೇಕೆಂದೇ ತೂತುಗಳನ್ನು ಬಿಟ್ಟು ಕಟ್ಟಿದ ಹಳೆಯ ಉಬುಂಟು ಅದು. ವರ್ಚುವಲ್‌ಬಾಕ್ಸಿನಲ್ಲಿ ಹೊಸ ಮಷೀನ್ ಮಾಡಿ, ಅದರ ಡಿಸ್ಕ್ ಫೈಲನ್ನು ತೋರಿಸಿ, 512 ಎಂಬಿ ರ‍್ಯಾಮ್ ಕೊಟ್ಟರೆ ಓಡುತ್ತದೆ. ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ಎಂಎಸ್‌ಎಫ್‌ಅಡ್ಮಿನ್.

ಇಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಒಂದನ್ನು ಮಾತ್ರ ಎಚ್ಚರದಿಂದ ಮಾಡಬೇಕು. ಮೆಟಾಸ್ಪ್ಲಾಯಿಟೆಬಲ್‌ಗೆ ಹೋಸ್ಟ್-ಓನ್ಲಿ ಅಡಾಪ್ಟರ್ ಮಾತ್ರ ಕೊಡಬೇಕು. ಬ್ರಿಡ್ಜ್ಡ್ ಎಂದು ಆಯ್ದುಕೊಂಡರೆ ಆ ತೂತು ಯಂತ್ರ ಮನೆಯ ಅಥವಾ ಹಾಸ್ಟೆಲಿನ ವೈಫೈಗೇ ಬಂದು ಕೂರುತ್ತದೆ. ಅದೇ ವೈಫೈನಲ್ಲಿರುವ ಯಾರು ಬೇಕಾದರೂ ಒಳನುಗ್ಗಬಹುದು. ಕಾಲಿಗೆ ಎರಡು ಅಡಾಪ್ಟರ್: ಅಪ್‌ಡೇಟ್ ಇಳಿಸಲು ಎನ್‌ಎಟಿ, ಪ್ರಯೋಗಕ್ಕೆ ಹೋಸ್ಟ್-ಓನ್ಲಿ. ಇಷ್ಟಾದ ಮೇಲೆ ಎರಡೂ ಯಂತ್ರಗಳ ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಏನೇ ಕೆಡಿಸಿದರೂ ಒಂದು ನಿಮಿಷದಲ್ಲಿ ಮೊದಲಿನ ಸ್ಥಿತಿಗೆ ಮರಳಬಹುದು.

ಮೊದಲ ಟೂಲ್ ಎನ್‌ಮ್ಯಾಪ್. ಫ್ಯೋದೋರ್ ಎಂಬ ಹೆಸರಿನಲ್ಲಿ ಗೊರ್ಡನ್ ಲಿಯಾನ್ 1997ರಲ್ಲಿ ಬಿಡುಗಡೆ ಮಾಡಿದ ಈ ಸ್ಕ್ಯಾನರ್ ಇವತ್ತಿಗೂ ಈ ವೃತ್ತಿಯವರು ಮೊದಲು ಕೈಗೆತ್ತಿಕೊಳ್ಳುವ ಟೂಲು. ವರ್ಚುವಲ್‌ಬಾಕ್ಸಿನ ಹೋಸ್ಟ್-ಓನ್ಲಿ ಜಾಲದಲ್ಲಿ ಗುರಿಯ ವಿಳಾಸ ಸಾಮಾನ್ಯವಾಗಿ 192.168.56ರಿಂದ ಶುರುವಾಗುತ್ತದೆ, 192.168.56.101 ಎಂದಿಟ್ಟುಕೊಳ್ಳೋಣ. ಆ ವಿಳಾಸವನ್ನು ಕೊಟ್ಟು, ಆವೃತ್ತಿಗಳನ್ನೂ ಪತ್ತೆಮಾಡು ಎಂಬ ಆಯ್ಕೆ ಸೇರಿಸಿ ಎಂಟರ್ ಒತ್ತಿದರೆ, ಎನ್‌ಮ್ಯಾಪ್ ಹೆಚ್ಚು ಬಳಕೆಯಲ್ಲಿರುವ 1000 ಪೋರ್ಟುಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತದೆ. ಸ್ವಲ್ಪ ಹೊತ್ತಿಗೆ ಪಟ್ಟಿ ಬೀಳುತ್ತದೆ. 21ರಲ್ಲಿ ಎಫ್‌ಟಿಪಿ, 22ರಲ್ಲಿ ಎಸ್‌ಎಸ್‌ಎಚ್, 23ರಲ್ಲಿ ಟೆಲ್‌ನೆಟ್, 80ರಲ್ಲಿ ಅಪಾಚೆ ವೆಬ್ ಸರ್ವರ್, 3306ರಲ್ಲಿ ಮೈಎಸ್‌ಕ್ಯುಎಲ್, 5900ರಲ್ಲಿ ವಿಎನ್‌ಸಿ. 1524ನೇ ಪೋರ್ಟಿನಲ್ಲಂತೂ ಪೂರ್ತಿ ಅಧಿಕಾರದ ರೂಟ್ ಶೆಲ್ ಬಾಗಿಲು ತೆರೆದುಕೊಂಡು ನಿಂತಿರುತ್ತದೆ. ಅಲ್ಲಿ ಹ್ಯಾಕ್ ಮಾಡುವುದೇನೂ ಇಲ್ಲ, ಸಂಪರ್ಕ ಮಾಡಿದರೆ ಸಾಕು.

ಹೊಸಬರು ಈ ಪಟ್ಟಿ ನೋಡಿದ ಕೂಡಲೇ ಮೆಟಾಸ್ಪ್ಲಾಯಿಟ್ ತೆರೆದು ಸಿಕ್ಕ ಅಸ್ತ್ರಗಳನ್ನೆಲ್ಲ ಬಿಡಲು ಹೋಗುತ್ತಾರೆ. ಅದರ ಬದಲು ಮೊದಲ ಸಾಲಿನ ಮುಂದೆ ಐದು ನಿಮಿಷ ಕೂತರೆ ಕಲಿಯುವುದು ಹೆಚ್ಚು. ಅಲ್ಲಿರುವುದು ವಿಎಸ್‌ಎಫ್‌ಟಿಪಿಡಿ 2.3.4. ಸುರಕ್ಷತೆಗೆ ಹೆಸರಾದ ಎಫ್‌ಟಿಪಿ ಸರ್ವರ್ ಅದು. 2011ರ ಜೂನ್ ಕೊನೆಯಲ್ಲಿ ಯಾರೋ ಅದರ ಮೂಲ ಸಂಕೇತವನ್ನು ಹಂಚುವ ಸರ್ವರಿನೊಳಗೇ ನುಗ್ಗಿ, ಫೈಲನ್ನು ಕಳ್ಳಬಾಗಿಲಿರುವ ಇನ್ನೊಂದು ಫೈಲಿನಿಂದ ಬದಲಿಸಿಟ್ಟರು. ಲಾಗಿನ್ ಹೆಸರಿನಲ್ಲಿ ಕೋಲನ್ ಮತ್ತು ಬಲಗಡೆಯ ಆವರಣ ಚಿಹ್ನೆ, ಅಂದರೆ ಚಾಟಿನಲ್ಲಿ ನಗುಮುಖಕ್ಕೆ ಹಾಕುವ ಗುರುತು, ಬರೆದರೆ ಸಾಕು. ಪಾಸ್‌ವರ್ಡ್ ಏನು ಕೊಟ್ಟರೂ 6200ನೇ ಪೋರ್ಟಿನಲ್ಲಿ ರೂಟ್ ಶೆಲ್ ತೆರೆದುಕೊಳ್ಳುತ್ತಿತ್ತು. ಕೆಲವೇ ದಿನಗಳಲ್ಲಿ, ಜುಲೈ 3ರಂದು, ಅದು ಬಯಲಾಯಿತು. ಆ ಅವಧಿಯಲ್ಲಿ ಇಳಿಸಿಕೊಂಡು ಸಹಿಯನ್ನು ತಾಳೆ ನೋಡದವರ ಪಾಲಿಗೆ ಬಂದದ್ದು ಆ ನಗುಮುಖದ ಸರ್ವರು. ಅದನ್ನೇ ಮೆಟಾಸ್ಪ್ಲಾಯಿಟೆಬಲ್‌ನಲ್ಲಿ ಇಟ್ಟಿದ್ದಾರೆ, ಸಿವಿಇ-2011-2523 ಎಂಬ ಸಂಖ್ಯೆಯಲ್ಲಿ ಅದು ದಾಖಲಾಗಿದೆ. ಮೆಟಾಸ್ಪ್ಲಾಯಿಟ್ ಇಲ್ಲದೆ, ಬರೀ ಟೆಲ್‌ನೆಟ್ ಮತ್ತು ನೆಟ್‌ಕ್ಯಾಟ್‌ನಿಂದ ಅದನ್ನು ಕೈಯಾರೆ ಮಾಡಿ ನೋಡಿದವರಿಗೆ ಕಳ್ಳಬಾಗಿಲು ಅಂದರೇನೆಂದು ಮತ್ತೆ ವಿವರಿಸಬೇಕಾಗಿಲ್ಲ.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಯಾರೂ ಕೈಹಾಕದ, ಅಸಲಿ 2.3.4 ಕೂಡ ಎನ್‌ಮ್ಯಾಪ್‌ಗೆ ಕಾಣುವುದು 2.3.4 ಎಂದೇ. ಆವೃತ್ತಿಯ ಸಂಖ್ಯೆ ನೋಡಿ "ಕಳ್ಳಬಾಗಿಲು ಇದೆ" ಎಂದು ಬರೆದರೆ ಅದು ಊಹೆ ಅಷ್ಟೇ. ನಿಜವಾದ ಕಂಪನಿಗಳಲ್ಲಿ ಈ ತಪ್ಪು ದಿನಾ ನಡೆಯುತ್ತದೆ. ಡೆಬಿಯನ್, ಉಬುಂಟು, ರೆಡ್ ಹ್ಯಾಟ್‌ನವರು ಹಳೆಯ ಆವೃತ್ತಿಯ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು, ಲೋಪದ ಜಾಗಕ್ಕೆ ಮಾತ್ರ ತೇಪೆ ಹಾಕುತ್ತಾರೆ. ಸ್ಕ್ಯಾನರ್ ಸಂಖ್ಯೆ ನೋಡಿ ಕೆಂಪು ಬಣ್ಣದಲ್ಲಿ ಅಪಾಯ ಎನ್ನುತ್ತದೆ. ಸರ್ವರ್ ನೋಡಿಕೊಳ್ಳುವವರು "ಆಗಲೇ ಪ್ಯಾಚ್ ಆಗಿದೆಯಲ್ಲ" ಎಂದು ವರದಿಯನ್ನು ಪಕ್ಕಕ್ಕಿಡುತ್ತಾರೆ. ಟೂಲ್ ಹೇಳಿದ್ದನ್ನು ತಾನೇ ಖಚಿತಪಡಿಸಿಕೊಳ್ಳದ ಪರೀಕ್ಷಕರಿಗೆ ಎರಡನೆಯ ಸಲ ಬೆಲೆ ಇರುವುದಿಲ್ಲ.

ಕಳ್ಳಬಾಗಿಲು ಹಳೆಯ ಕಥೆ ಎಂದುಕೊಳ್ಳುವಂತೆಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಕಾಲಿಯೊಳಗೇ ಒಂದು ಬಂದು ಸೇರಿತ್ತು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ಸಾಫ್ಟ್‌ವೇರಿಗೆ, ವರ್ಷಗಟ್ಟಲೆ ಸಹಾಯಕನಂತೆ ನಟಿಸಿ ನಂಬಿಕೆ ಗಳಿಸಿದ ಯಾರೋ ಒಬ್ಬರು, ಎಸ್‌ಎಸ್‌ಎಚ್ ಮೂಲಕ ಒಳಬರುವ ಕಳ್ಳದಾರಿ ಸೇರಿಸಿದ್ದರು. ಮೈಕ್ರೋಸಾಫ್ಟಿನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ತಮ್ಮ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಅನ್ನಿಸಿ, ಯಾಕೆಂದು ಕೆದಕುತ್ತ ಹೋಗಿ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಮಾರ್ಚ್ 26ರಿಂದ 29ರ ನಡುವೆ ಅಪ್‌ಡೇಟ್ ಮಾಡಿದ್ದ ಕಾಲಿ ಯಂತ್ರಗಳಲ್ಲಿ ಆ ಕೆಟ್ಟ ಆವೃತ್ತಿ ಇತ್ತು; ಕೂಡಲೇ ಮತ್ತೆ ಅಪ್‌ಡೇಟ್ ಮಾಡಿ ಎಂದು ಕಾಲಿ ತಂಡ ಸೂಚನೆ ಹೊರಡಿಸಿತು. ಹ್ಯಾಕರುಗಳ ಸಿಸ್ಟಮ್ ಎಂದು ಹೆಸರಾದದ್ದಕ್ಕೇ ಹೀಗಾಯಿತು. ಕಾಲಿಯಲ್ಲಿ ಬ್ಯಾಂಕಿನ ವ್ಯವಹಾರ, ಸ್ವಂತ ಇಮೇಲ್ ಇಟ್ಟುಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಅಪ್‌ಡೇಟ್ ವಿಚಾರ ಬಂದಿದ್ದರಿಂದ ಒಂದು ಉಪಯುಕ್ತ ಮಾಹಿತಿ. 2025ರ ಏಪ್ರಿಲ್‌ನಲ್ಲಿ ಕಾಲಿ ತಂಡ ತಾನು ಪ್ಯಾಕೇಜುಗಳಿಗೆ ಸಹಿ ಹಾಕುವ ಡಿಜಿಟಲ್ ಕೀಯನ್ನೇ ಕಳೆದುಕೊಂಡಿತು. ಯಾರೂ ಕದ್ದದ್ದಲ್ಲ, ತಂಡಕ್ಕೇ ಅದು ಸಿಗದಂತಾಯಿತು. ಹೊಸ ಕೀ ಮಾಡಿದರು, ಆದರೆ ಅದಕ್ಕೂ ಹಿಂದೆ ಹಾಕಿದ ಯಂತ್ರಗಳಿಗೆ ಹೊಸ ಸಹಿಯ ಗುರುತು ಸಿಗುವುದಿಲ್ಲ. ಅಪ್‌ಡೇಟ್ ಮಾಡಲು ಹೋದರೆ ಕೀ ಇಲ್ಲ ಎಂಬ ದೂರು ಬರುತ್ತದೆ. ಸೀನಿಯರ್ ಪೆನ್‌ಡ್ರೈವಿನಲ್ಲಿ ಕೊಟ್ಟ ಹಳೆಯ ಕಾಲಿ ಹಾಕಿಕೊಂಡವರಿಗೆ ಇವತ್ತಿಗೂ ಇದು ಎದುರಾಗುತ್ತದೆ. ಹೊಸ ಕೀರಿಂಗ್ ಫೈಲನ್ನು ಕಾಲಿಯ ಅಧಿಕೃತ ತಾಣದಿಂದ ಕೈಯಾರೆ ಇಳಿಸಿಕೊಳ್ಳಬೇಕು, ಇಲ್ಲವೇ ಹೊಸ ಇಮೇಜನ್ನೇ ಹಾಕಿಕೊಳ್ಳಬೇಕು. ಅದು ಬಿಟ್ಟು, ಸಹಿಯ ಪರಿಶೀಲನೆಯನ್ನೇ ಆಫ್ ಮಾಡಿ ಎಂದು ಕೆಲವರು ಹೇಳಿಕೊಡುವ ಉಪಾಯ ಕೆಟ್ಟದ್ದು. ಉಬುಂಟುವಿನ ಪ್ಯಾಕೇಜ್ ಮೂಲಗಳನ್ನು ತಂದು ಕಾಲಿಗೆ ಸೇರಿಸುವುದೂ ಹಾಗೆಯೇ; ಸಿಸ್ಟಮ್ ಕೆಡುವುದಕ್ಕೆ ಅದೊಂದೇ ಸಾಕು.

ಎರಡನೆಯ ಟೂಲ್ ವೈರ್‌ಶಾರ್ಕ್. ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಹಿಡಿದು ತೋರಿಸುವುದು ಇದರ ಕೆಲಸ. ಮೆಟಾಸ್ಪ್ಲಾಯಿಟೆಬಲ್‌ನಲ್ಲೇ ಡಿವಿಡಬ್ಲ್ಯುಎ ಎಂಬ ಅಭ್ಯಾಸದ ವೆಬ್‌ಸೈಟೂ ಇದೆ. ವೈರ್‌ಶಾರ್ಕನ್ನು ಹೋಸ್ಟ್-ಓನ್ಲಿ ಜಾಲದ ಮೇಲೆ ಓಡಲು ಬಿಟ್ಟು, ಕಾಲಿಯ ಬ್ರೌಸರಿನಿಂದ ಆ ಸೈಟಿಗೆ ಅಡ್ಮಿನ್ ಎಂಬ ಹೆಸರು, ಪಾಸ್‌ವರ್ಡ್ ಎಂಬುದೇ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಆಮೇಲೆ ಹಿಡಿದಿಟ್ಟ ಸಾಲುಗಳಲ್ಲಿ ಒಂದರ ಮೇಲೆ ಬಲ ಕ್ಲಿಕ್ ಮಾಡಿ, ಟಿಸಿಪಿ ಸ್ಟ್ರೀಮ್ ಅನುಸರಿಸು ಎಂದರೆ, ಈಗಷ್ಟೇ ಹೊಡೆದ ಪಾಸ್‌ವರ್ಡ್ ಕಣ್ಣೆದುರೇ ಬಯಲಾಗಿ ಬಿದ್ದಿರುತ್ತದೆ. ಅದೇ ರೀತಿ ಎಚ್‌ಟಿಟಿಪಿಎಸ್ ಇರುವ ಯಾವುದಾದರೂ ತಾಣ ತೆರೆದು ಹಿಡಿದು ನೋಡಿದರೆ ಸಿಗುವುದು ಅರ್ಥವಾಗದ ಅಕ್ಷರಗಳ ರಾಶಿ. ಯಾವ ತಾಣಕ್ಕೆ ಹೋದರು ಎಂಬ ಹೆಸರು ಮಾತ್ರ ಸಾಮಾನ್ಯವಾಗಿ ಇಣುಕುತ್ತದೆ. ಬ್ರೌಸರಿನ ಬೀಗದ ಚಿಹ್ನೆಯ ಮಹಿಮೆಯನ್ನು ಕಾಲೇಜಿನ ಅರ್ಧ ಸೆಮಿಸ್ಟರಿನ ಪಾಠಕ್ಕಿಂತ ಈ ಹತ್ತು ನಿಮಿಷದ ಪ್ರಯೋಗ ಚೆನ್ನಾಗಿ ಹೇಳುತ್ತದೆ.

ವೈಫೈ ಪರೀಕ್ಷೆ ಎಂದರೆ ಎಲ್ಲರಿಗೂ ಆಸೆ, ಎಡವುವವರೂ ಇಲ್ಲೇ ಹೆಚ್ಚು. ವರ್ಚುವಲ್ ಮಷೀನಿನೊಳಗಿನ ಕಾಲಿಗೆ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ವೈಫೈ ಆಗಿ ಕಾಣುವುದೇ ಇಲ್ಲ. ತಂತಿಯ ಜಾಲ ಎಂದೇ ಅದು ತಿಳಿದಿರುತ್ತದೆ. ಮಾನಿಟರ್ ಮೋಡ್ ಇರುವ ಯುಎಸ್‌ಬಿ ಅಡಾಪ್ಟರ್ ಬೇಕು. ಅಂಗಡಿಯಲ್ಲಿ ಕೇಳುವ ಮೊದಲು ಚಿಪ್‌ಸೆಟ್ ತಿಳಿದಿರಬೇಕು. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ಎಂಬ ಪುಟ್ಟ ಅಡಾಪ್ಟರ್ ಇದಕ್ಕೆ ಬಹಳ ಪ್ರಸಿದ್ಧ. ಆದರೆ ಆ ಹೆಸರು ಗಳಿಸಿದ್ದು ಅಥೆರಾಸ್ ಎಆರ್9271 ಚಿಪ್ ಇದ್ದ ಮೊದಲ ಆವೃತ್ತಿ. ಎರಡು ಮತ್ತು ಮೂರನೆಯ ಆವೃತ್ತಿಗಳಲ್ಲಿ ಇರುವುದು ರಿಯಲ್‌ಟೆಕ್ ಚಿಪ್, ಅದಕ್ಕೆ ಬೇರೆ ಡ್ರೈವರಿನ ತಲೆನೋವು. ಡಬ್ಬಿ ನೋಡಲು ಎಲ್ಲ ಒಂದೇ. ಹಿಂದೆ ಸಣ್ಣದಾಗಿ ಮುದ್ರಿಸಿದ ಆವೃತ್ತಿಯ ಸಂಖ್ಯೆಯಲ್ಲಿ ಮಾತ್ರ ವ್ಯತ್ಯಾಸ.

ಅಡಾಪ್ಟರ್ ಸಿಕ್ಕರೆ ಸ್ವಂತ ರೂಟರಿನ ಮೇಲೆ ಮಾಡಿ ನೋಡಬೇಕಾದ ಲೆಕ್ಕವೊಂದಿದೆ. ನಮ್ಮಲ್ಲಿ ಮನೆ, ಅಂಗಡಿ, ಕ್ಲಿನಿಕ್‌ಗಳಲ್ಲಿ ವೈಫೈ ಪಾಸ್‌ವರ್ಡಾಗಿ ಮೊಬೈಲ್ ನಂಬರನ್ನೇ ಇಡುವ ರೂಢಿ ವಿಪರೀತ. ಹತ್ತು ಅಂಕಿ ಎಂದರೆ ಭದ್ರ ಅನ್ನಿಸುತ್ತದೆ. ಭಾರತದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವುದರಿಂದ ಒಟ್ಟು ಸಾಧ್ಯತೆ 400 ಕೋಟಿ. ಡಬ್ಲ್ಯುಪಿಎ2 ರೂಟರಿಗೆ ಫೋನು ಸೇರುವಾಗ ನಡೆಯುವ ಕೈಕುಲುಕುವಿಕೆಯನ್ನು (ಹ್ಯಾಂಡ್‌ಶೇಕ್) ಒಮ್ಮೆ ಹಿಡಿದಿಟ್ಟರೆ, ಆಮೇಲೆ ರೂಟರಿನ ಹತ್ತಿರ ಇರಬೇಕಾಗಿಯೂ ಇಲ್ಲ. ಗೇಮಿಂಗ್‌ಗೆ ಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಹ್ಯಾಶ್‌ಕ್ಯಾಟ್ ಟೂಲಿನಲ್ಲಿ ಸೆಕೆಂಡಿಗೆ 10 ಲಕ್ಷದಷ್ಟು ಊಹೆಗಳನ್ನು ಪರೀಕ್ಷಿಸಬಲ್ಲದು. 400 ಕೋಟಿಗೆ 4000 ಸೆಕೆಂಡು, ಅಂದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೂ ಆ ನಂಬರು ಅಂಗಡಿಯ ಬೋರ್ಡಿನ ಮೇಲೇ ಬರೆದಿರುತ್ತದೆ ಎನ್ನುವುದು ಬೇರೆ ಮಾತು. ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಜೋಡಿಸಿದ ಉದ್ದನೆಯ ಪಾಸ್‌ವರ್ಡ್ ಇಟ್ಟರೆ ಈ ಲೆಕ್ಕವೆಲ್ಲ ಕೈಕೊಡುತ್ತದೆ.

ಜನ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬುದಕ್ಕೆ ಸಾಕ್ಷ್ಯ ಬೇಕಾದವರಿಗೆ ಕಾಲಿಯಲ್ಲೇ ರಾಕ್‌ಯೂ ಎಂಬ ಫೈಲಿದೆ. 2009ರಲ್ಲಿ ಅದೇ ಹೆಸರಿನ ಅಮೆರಿಕನ್ ಕಂಪನಿಯಿಂದ ಸೋರಿಹೋದ 3.2 ಕೋಟಿ ಖಾತೆಗಳ ಪಾಸ್‌ವರ್ಡುಗಳಿಂದ ಮಾಡಿದ ಪಟ್ಟಿ. ಒಂದರಂತೆ ಇನ್ನೊಂದಿಲ್ಲದವು 1.4 ಕೋಟಿಗೂ ಹೆಚ್ಚು. ಕಂಪನಿ ಅವನ್ನು ಯಾವ ಗೂಢಲಿಪಿಯೂ ಇಲ್ಲದೆ ಹಾಗೇ ಬರೆದಿಟ್ಟಿತ್ತು. ಪಟ್ಟಿಯ ಮೊದಲ ಸಾಲು 123456.

ಇಷ್ಟು ಕೈಗೆ ಬಂದಮೇಲೆ ಪಕ್ಕದ ಮನೆಯ ರೂಟರ್, ಕಾಲೇಜಿನ ಪೋರ್ಟಲ್ ಕಣ್ಣಿಗೆ ಬೀಳುವುದು ಸಹಜ. ಇಲ್ಲಿ ಕಾನೂನು ಸ್ಪಷ್ಟವಾಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರಿಗೋ ಜಾಲಕ್ಕೋ ಪ್ರವೇಶಿಸಿದರೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸುಮ್ಮನೆ ಸ್ಕ್ಯಾನ್ ಮಾಡಿದೆ, ಒಳಗೆ ಹೋಗಲಿಲ್ಲ ಎಂಬ ಸಮಜಾಯಿಷಿ, ರಾತ್ರಿ ಹೊತ್ತು ಬೀದಿಯ ಮನೆಗಳ ಬಾಗಿಲು ಕಿಟಕಿಗಳನ್ನೆಲ್ಲ ತಳ್ಳಿ ನೋಡಿದವನ ಸಮಜಾಯಿಷಿಯಂತೆಯೇ ಕೇಳಿಸುತ್ತದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಲ್ಲಿ, 6 ಗಂಟೆಯೊಳಗೆ ವರದಿ ಮಾಡಬೇಕಾದ ಘಟನೆಗಳ ಪಟ್ಟಿಯಲ್ಲಿ ಮಹತ್ವದ ಜಾಲಗಳ ಮೇಲಿನ ಸ್ಕ್ಯಾನಿಂಗೂ ಇದೆ.

ಅನುಮತಿಯಿಲ್ಲದೆ ಒಳಹೊಕ್ಕ ಆರೋಪಕ್ಕೆ ಬಂಧನವಾದದ್ದೂ ಉಂಟು. 2017ರಲ್ಲಿ ಬೆಂಗಳೂರಿನ ಪೊಲೀಸರು ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ದಾರಿಯಿಂದ ಅನುಮತಿಯಿಲ್ಲದೆ ಆಧಾರ್ ಮಾಹಿತಿ ಪಡೆಯುವ ಮೊಬೈಲ್ ಆ್ಯಪ್ ಮಾಡಿದ್ದರು ಎಂಬುದು ಅವರ ಮೇಲಿನ ಆರೋಪ. ದೂರು ಕೊಟ್ಟದ್ದು ಆಧಾರ್ ಪ್ರಾಧಿಕಾರವೇ.

ಅನುಮತಿ ಪತ್ರ ಕೈಯಲ್ಲಿದ್ದರೂ ಎಡವಟ್ಟಾಗಬಹುದು ಎಂಬುದಕ್ಕೆ ಅಮೆರಿಕದ ಅಯೋವಾ ರಾಜ್ಯದ ಪ್ರಸಂಗ ಈ ವೃತ್ತಿಯವರ ನಡುವೆ ಬಹಳ ಪ್ರಸಿದ್ಧ. ಕೋಲ್‌ಫೈರ್ ಎಂಬ ಕಂಪನಿಗೆ ರಾಜ್ಯದ ನ್ಯಾಯಾಂಗ ಇಲಾಖೆ ತನ್ನ ಕಟ್ಟಡಗಳ ಭದ್ರತೆ ಪರೀಕ್ಷಿಸುವ ಗುತ್ತಿಗೆ ಕೊಟ್ಟಿತ್ತು. 2019ರ ಸೆಪ್ಟೆಂಬರ್ 11ರ ನಡುರಾತ್ರಿ ಅದರ ಇಬ್ಬರು ಪರೀಕ್ಷಕರು ಡಲ್ಲಾಸ್ ಕೌಂಟಿಯ ನ್ಯಾಯಾಲಯದ ಕಟ್ಟಡದೊಳಗೆ ಸೇರಿದರು, ಅಲಾರಂ ಕೂಗಿತು, ಪೊಲೀಸರು ಬಂದರು. ಪತ್ರ ತೋರಿಸಿದರೂ ಕೌಂಟಿಯ ಷೆರಿಫ್ ಒಪ್ಪಲಿಲ್ಲ. ಕಟ್ಟಡ ಕೌಂಟಿಯದು, ರಾಜ್ಯ ಇಲಾಖೆಗೆ ಅನುಮತಿ ಕೊಡುವ ಹಕ್ಕಿಲ್ಲ ಎಂಬುದು ಅವರ ವಾದ. ಇಬ್ಬರೂ ಜೈಲು ಸೇರಿದರು. ಅವರ ಮೇಲಿನ ಆರೋಪಗಳನ್ನು ಕೈಬಿಟ್ಟದ್ದು 2020ರ ಜನವರಿಯಲ್ಲಿ.

ಹಾಗಾಗಿ ಅನುಮತಿ ಬಾಯಿಮಾತಿನದಾಗಿರಬಾರದು. ಊರಿನ ಸಹಕಾರ ಸಂಘವೋ ಪರಿಚಯದವರ ಶಾಲೆಯೋ "ನಮ್ಮ ವೆಬ್‌ಸೈಟ್ ಒಂದ್ಸಲ ಚೆಕ್ ಮಾಡಿಕೊಡಪ್ಪ" ಎಂದರೂ ಕಾಗದ ಬೇಕು. ಯಾವ ಯಾವ ವಿಳಾಸಗಳು, ಯಾವ ದಿನಾಂಕ, ಯಾವ ಹೊತ್ತು, ಏನು ಮಾಡಕೂಡದು, ನಡುವೆ ಸೈಟ್ ಕುಸಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದೆಲ್ಲ ಅದರಲ್ಲಿರಬೇಕು. ಸಹಿ ಹಾಕುವವರಿಗೆ ಆ ಅಧಿಕಾರ ಇದೆಯೇ ಎಂದೂ ನೋಡಬೇಕು. ಸೈಟ್ ಶಾಲೆಯದಾದರೂ ಸರ್ವರ್ ಇನ್ನೊಂದು ಹೋಸ್ಟಿಂಗ್ ಕಂಪನಿಯದಿರುತ್ತದೆ, ಅದೇ ಸರ್ವರಿನಲ್ಲಿ ಬೇರೆಯವರ ಇನ್ನೂರು ಸೈಟುಗಳಿರಬಹುದು. ಇಂಥ ಕಾಗದದ ಗೋಜು ಬೇಡವೆನ್ನುವವರಿಗೆ ಎನ್‌ಮ್ಯಾಪ್ ತಂಡವೇ ಸ್ಕ್ಯಾನ್‌ಮಿ ಎಂಬ ಸರ್ವರನ್ನು ಇಟ್ಟಿದೆ; ದಿನಕ್ಕೆ ಒಂದೆರಡು ಸಲ ಹಿತಮಿತವಾಗಿ ಸ್ಕ್ಯಾನ್ ಮಾಡಿದರೆ ಅವರ ಅಭ್ಯಂತರವಿಲ್ಲ.

ಮುಗಿದ ಕೆಲಸವನ್ನು ಬರೆದಿಡುವುದು ಬೇಸರದ್ದೆಂದು ಬಹಳ ಮಂದಿ ಅದನ್ನು ಮುಂದೂಡುತ್ತಾರೆ. ಆಫ್‌ಸೆಕ್‌ನ ಓಎಸ್‌ಸಿಪಿ ಎಂಬ ಹೆಸರಾಂತ ಪರೀಕ್ಷೆ ಇದಕ್ಕೆ ಕೊಡುವ ಮಹತ್ವ ನೋಡಬೇಕು: ಯಂತ್ರಗಳನ್ನು ಭೇದಿಸಲು 23 ಗಂಟೆ 45 ನಿಮಿಷ, ಅದಾದ ಮೇಲೆ ವರದಿ ಬರೆದು ಕಳಿಸಲು ಮತ್ತೆ 24 ಗಂಟೆ. ಒಳಗೆ ನುಗ್ಗಿದ್ದರೂ ವರದಿ ಕಳಿಸದಿದ್ದರೆ ಫೇಲು. ಮನೆಯ ಮೆಟಾಸ್ಪ್ಲಾಯಿಟೆಬಲ್ ಮೇಲೂ ಹಾಗೇ ಅಭ್ಯಾಸ ಮಾಡಬೇಕು. ಕೊಟ್ಟ ಆದೇಶ, ಬಂದ ಉತ್ತರದ ಸ್ಕ್ರೀನ್‌ಶಾಟ್, ಹೊತ್ತು, ಇದರಿಂದ ಸಂಸ್ಥೆಗೆ ಆಗುವ ತೊಂದರೆ, ಸರಿಪಡಿಸುವ ಬಗೆ. ಕೊನೆಯೆರಡು ಅಂಶಗಳನ್ನು ಕಂಪ್ಯೂಟರ್ ಗೊತ್ತಿಲ್ಲದ ಕಾರ್ಯದರ್ಶಿಗೂ ಅರ್ಥವಾಗುವಂತೆ ಕನ್ನಡದಲ್ಲೇ ಬರೆಯಲು ಬಂದರೆ ಆ ವಿದ್ಯಾರ್ಥಿಗೆ ಸ್ಥಳೀಯವಾಗಿ ಕೆಲಸಕ್ಕೇನೂ ಕೊರತೆಯಾಗದು.

ಬಳಸುತ್ತಿರುವಾಗಲೇ ಯಾವುದಾದರೂ ಸೈಟಿನಲ್ಲಿ ಲೋಪ ಅಕಸ್ಮಾತ್ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಬೇಕು. ಖಚಿತಪಡಿಸಿಕೊಳ್ಳುವ ನೆಪದಲ್ಲಿ ಇನ್ನೊಬ್ಬರ ಮಾಹಿತಿ ಇಳಿಸಿಕೊಳ್ಳಬಾರದು, ವಾಟ್ಸ್ಯಾಪ್ ಗುಂಪಿಗೆ ಹಾಕಬಾರದು. ಅನೇಕ ತಾಣಗಳಲ್ಲಿ ಈಗ ಸೆಕ್ಯುರಿಟಿ ಡಾಟ್ ಟೆಕ್ಸ್ಟ್ ಎಂಬ ಪುಟ್ಟ ಫೈಲಿರುತ್ತದೆ. ಲೋಪ ಸಿಕ್ಕರೆ ಯಾರಿಗೆ ಬರೆಯಬೇಕೆಂಬುದು ಅದರಲ್ಲಿರುತ್ತದೆ. ಅದಿಲ್ಲದಿದ್ದರೆ, ಸರ್ಕಾರಿ ತಾಣವಾದರಂತೂ, ಸರ್ಟ್-ಇನ್‌ಗೆ ಬರೆಯಬಹುದು.

ಇಷ್ಟೆಲ್ಲ ಓದಿದ ಮೇಲೂ ಟರ್ಮಿನಲ್ ಕಂಡರೆ ಭಯವಾಗುವವರು ಓವರ್‌ದಿವೈರ್ ತಾಣದ ಬ್ಯಾಂಡಿಟ್ ಆಟದಿಂದ ಶುರುಮಾಡಬಹುದು. ಅಲ್ಲಿನ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ, ಪ್ರತಿ ಹಂತದಲ್ಲೂ ಅಡಗಿಸಿಟ್ಟ ಪಾಸ್‌ವರ್ಡ್ ಹುಡುಕಿ ಮುಂದಿನ ಹಂತಕ್ಕೆ ಏರುತ್ತ ಹೋಗುವುದು ಆಟ. ಫೈಲ್ ತೆರೆಯುವುದು, ಹುಡುಕುವುದು, ಅನುಮತಿಗಳನ್ನು ಓದುವುದು ಹೀಗೆ ಲಿನಕ್ಸಿನ ಆದೇಶಗಳು ಆಡುತ್ತಲೇ ಬರುತ್ತವೆ. ಶುಲ್ಕವಿಲ್ಲ. ಹೊಡೆಯುವುದಕ್ಕೆ ಅವರೇ ಇಟ್ಟ ಸರ್ವರ್ ಆದ್ದರಿಂದ ಅನುಮತಿಯ ಚಿಂತೆಯೂ ಇಲ್ಲ. ಅದಕ್ಕೆ ಕಾಲಿಯೂ ಬೇಕಿಲ್ಲ. ವಿಂಡೋಸಿನಲ್ಲಿ ಬಂದಿರುವ ಎಸ್‌ಎಸ್‌ಎಚ್ ಸಾಕಾಗುತ್ತದೆ.